ಬೀರು ಮೇಲಿನ ಬೆರಳಚ್ಚು ತೆಗೆದ್ರೆ ಫೋಟೋ ತುಂಬ ಫ್ಲ್ಯಾಶ್ ಬೆಳಕೇ ಬಂದಿದೆ, ಏನ್ ತಪ್ಪು ಮಾಡ್ದೆ?

ಸ್ಟುಡಿಯೋ ಮಂಜ
(ಭಾನುವಾರ, ರಾತ್ರಿ 9:40)

ಎಲ್ರಿಗೂ ನಮಸ್ಕಾರ. ನಾನು ಮದುವೆ, ನಾಮಕರಣ, ಪಾಸ್‌ಪೋರ್ಟ್ ಸೈಜು ಫೋಟೋದವನು. ತಾಲ್ಲೂಕು ಕೇಂದ್ರದಲ್ಲಿ ಒಂದು ಸಣ್ಣ ಸ್ಟುಡಿಯೋ ಇದೆ. ಊರ ಹೆಸರು ಬೇಡ, ಕಾರಣ ಮುಂದೆ ಓದಿದ್ರೆ ಗೊತ್ತಾಗತ್ತೆ. ಅಪಘಾತ, ಕಳ್ಳತನ ಏನಾದ್ರೂ ಆದ್ರೆ ಠಾಣೆಯಿಂದ "ಮಂಜಣ್ಣ, ಕ್ಯಾಮೆರಾ ತಗೊಂಡು ಬಾ" ಅಂತ ಫೋನ್ ಬರತ್ತೆ. ಹೋಗ್ತೀನಿ. ದುಡ್ಡು ಯಾವಾಗ ಬರತ್ತೆ ಅಂತ ಮಾತ್ರ ಕೇಳ್ಬೇಡಿ.

ಹೋದ ವಾರ ಒಂದು ಮನೆ ಕಳವು. ಬೀರು ಮೀಟಿ ಒಡವೆ ತಗೊಂಡು ಹೋಗಿದ್ರು. ಜಿಲ್ಲೆಯಿಂದ ಬೆರಳಚ್ಚಿನವರು ಸಂಜೆ ಬಂದ್ರು, ಪೌಡರ್ ಹೊಡೆದ್ರು. ಹಿಡಿಕೆ ಪಕ್ಕ ಪೇಂಟ್ ಮೇಲೆ ಎರಡು, ಬೀರು ಕನ್ನಡಿ ಮೇಲೆ ಒಂದು ಗುರುತು ಚೆನ್ನಾಗಿ ಎದ್ವು. ಅವ್ರ ಕ್ಯಾಮೆರಾ ಅವತ್ತೇ ಕೈಕೊಟ್ಟಿತ್ತು, "ನೀವೇ ಹತ್ತಿರದಿಂದ ತೆಗೀರಿ" ಅಂದ್ರು. ನನ್ನದು 24 ಮೆಗಾಪಿಕ್ಸೆಲ್, 18-55 ಕಿಟ್ ಲೆನ್ಸ್, ಮೇಲೇಳೋ ಫ್ಲ್ಯಾಶ್. 14 ತೆಗೆದೆ. 9ರಲ್ಲಿ ಗುರುತಿನ ಮೇಲೇ ಫ್ಲ್ಯಾಶಿನ ಬಿಳಿ ಉಂಡೆ. ಮಿಕ್ಕಿದ್ದು ಮಸುಕು. ಕನ್ನಡಿ ಮೇಲಿಂದಂತೂ ಒಂದೊಂದು ಗೆರೆ ಎರಡೆರಡು ಕಾಣ್ಸತ್ತೆ. ಅದಾದ ಮೇಲೆ ಅವ್ರು ಟೇಪ್ ಹಾಕಿ ಎತ್ತಿದ್ರು, ಒಂದ್ರಲ್ಲಿ ಮಧ್ಯಕ್ಕೇ ಗಾಳಿಗುಳ್ಳೆ ಕೂತ್ಬಿಡ್ತು. ಬೈಯ್ಲಿಲ್ಲ ಪಾಪ, ಆದ್ರೆ ನನ್ನ ಕ್ಯಾಮೆರಾ ಹಿಂದಿನ ಪರದೆ ನೋಡಿ ಅವ್ರ ಮುಖ ಇಳೀತು. ಅದು ನಂಗೆ ಇನ್ನೂ ಕಣ್ಣಿಗೆ ಕಟ್ಟಿದಂಗಿದೆ.

ಮುಂದಿನ ಸಲಕ್ಕೆ ಏನ್ ಮಾಡ್ಲಿ? ಹೊಸ ಲೆನ್ಸ್ ಬೇಕಾ? ಹೆಚ್ಚು ಅಂದ್ರೆ ಹತ್ತು ಸಾವಿರ ಹಾಕಬಹುದು.

ಪಿಕ್ಸೆಲ್ ಪುಟ್ಟ

ಫೋನಲ್ಲಿ ತೆಗೀರಿ ಗುರು. ಈಗಿನ ಫೋನು 200 ಮೆಗಾಪಿಕ್ಸೆಲ್. ಕಿಟ್ ಲೆನ್ಸ್ ಕಾಲ ಮುಗೀತು.

ಮಲ್ನಾಡ್ ಮ್ಯಾಕ್ರೋ

@ಪುಟ್ಟ, ಪ್ರಶ್ನೆ ಪೂರ್ತಿ ಓದಿ. ಅವರ ತೊಂದರೆ ಮೆಗಾಪಿಕ್ಸೆಲ್ ಅಲ್ಲ, ಬೆಳಕು.

ಮಂಜಣ್ಣ, ನಾನು ಹುಳ ಹುಪ್ಪಟೆ ಫೋಟೋ ತೆಗೆಯೋನು. ಬೆರಳಚ್ಚು ನನಗೆ ಗೊತ್ತಿಲ್ಲ, ಆದ್ರೆ ಜೀರುಂಡೆ ಬೆನ್ನು ನಿಮ್ಮ ಬೀರುವಿನಷ್ಟೇ ಹೊಳೆಯುತ್ತೆ. ಹೊಳೆಯೋ ವಸ್ತು ಅಂದ್ರೆ ಕನ್ನಡಿ ಅಂತಲೇ ತಿಳ್ಕೊಳ್ಳಿ. ಅದರಲ್ಲಿ ಏನು ಬಿಂಬ ಬೀಳುತ್ತೋ ಅದೇ ಫೋಟೋದ ಹಿನ್ನೆಲೆ. ಲೆನ್ಸ್ ಮೇಲೇ ಫ್ಲ್ಯಾಶ್ ಇದ್ರೆ ಫ್ಲ್ಯಾಶೇ ಬಿಂಬ. ಹಾಗಾಗಿ ಮೊದಲು ಕೇಳ್ಕೋಬೇಕಾದ್ದು "ಈ ಬೀರುವಿನಲ್ಲಿ ಏನು ಕಾಣಿಸ್ಬೇಕು" ಅಂತ.

ಪೌಡರ್ ಬಿಳಿ ಅಥವಾ ಬೆಳ್ಳಿ ಬಣ್ಣದ್ದಾದ್ರೆ ಬೀರುವಿನಲ್ಲಿ ಕಪ್ಪು ಕಾಣಿಸಿ. ಕಪ್ಪು ಬಟ್ಟೆ ಹಿಡ್ಕೊಂಡು ಒಬ್ರು ನಿಲ್ಲಲಿ, ಟಾರ್ಚ್ ಪಕ್ಕದಿಂದ ಓರೆಯಾಗಿ ಬರಲಿ. ಪೇಂಟ್ ಕಪ್ಪಾಗುತ್ತೆ, ಪೌಡರ್ ಮಾತ್ರ ಬೆಳಕು ಚದುರಿಸಿ ಬೆಳ್ಳಗೆ ನಿಲ್ಲುತ್ತೆ. ಪೌಡರ್ ಕಪ್ಪಿದ್ರೆ ಉಲ್ಟಾ, ಬಿಳಿ ಥರ್ಮೋಕೋಲ್ ಹಿಡೀರಿ. ಯಾವ ಪೌಡರ್ ಹೊಡೆದಿದ್ರು?

ಸ್ಟುಡಿಯೋ ಮಂಜ

ಬೆಳ್ಳಿ ಥರ ಇತ್ತು ಸರ್. ಬೀರು ಕಡು ಹಸಿರು.

ಹಳೇ ಪೌಡರ್

ಅಲ್ಯೂಮಿನಿಯಂ ಇರಬೇಕು. ನಾನು ಇದೇ ಕೆಲಸ ಮಾಡಿ ನಿವೃತ್ತನಾದವನು. ಎಲ್ಲಿ, ಯಾವ ಹುದ್ದೆ ಅಂತ ಹೇಳುವುದಿಲ್ಲ, ಕ್ಷಮಿಸಿ.

ಮಂಜಣ್ಣನವರೇ, ಮೊದಲು ನಿಮ್ಮ ಬೇಸರದ ವಿಷಯ. ಆ ಮನುಷ್ಯನ ಮುಖ ಇಳಿದದ್ದು ನಿಮ್ಮ ಮೇಲಿನ ಸಿಟ್ಟಿಗಲ್ಲ. ಟೇಪಿನಲ್ಲಿ ಎತ್ತುವ ಮೊದಲು ಫೋಟೋ ಆಗಬೇಕು ಎನ್ನುವುದು ನಮ್ಮಲ್ಲಿ ಮೊದಲ ದಿನ ಕಲಿಸುವ ಪಾಠ, ಏಕೆಂದರೆ ಟೇಪಿಗೆ ಎರಡನೇ ಅವಕಾಶ ಇಲ್ಲ. ಗುಳ್ಳೆ ಕೂತರೆ, ಪೌಡರ್ ಅರ್ಧ ಮಾತ್ರ ಅಂಟಿದರೆ, ಕೈ ನಡುಗಿ ಜಾರಿದರೆ ಮುಗಿಯಿತು. ಪರದೆ ನೋಡಿ ಇನ್ನೊಮ್ಮೆ ತೆಗೆಯಿರಿ ಅಂತ ಅವರು ಹೇಳಬೇಕಿತ್ತು. ಕತ್ತಲಾಗಿತ್ತು, ಮನೆಯವರು ಅಳುತ್ತಿದ್ದರು, ಇನ್ನೊಂದು ಸ್ಥಳದಿಂದ ಫೋನ್ ಬರುತ್ತಿತ್ತು ಅಂತ ಊಹಿಸಬಲ್ಲೆ. ಆದರೂ ಹೇಳಬೇಕಿತ್ತು.

ಇನ್ನು ಕನ್ನಡಿ. ಗೆರೆ ಎರಡು ಕಂಡದ್ದು ಏಕೆಂದರೆ ಬೀರು ಕನ್ನಡಿಯಲ್ಲಿ ಬೆರಳು ಬಿದ್ದಿರುವುದು ಗಾಜಿನ ಮುಂಭಾಗದ ಮೇಲೆ, ರಸ ಬಳಿದಿರುವುದು ಹಿಂಭಾಗಕ್ಕೆ. ಗುರುತಿನ ಬಿಂಬ ಹಿಂದೆ ಇನ್ನೊಂದು ಗುರುತಾಗಿ ಕಾಣುತ್ತದೆ. ನೀವು ಓರೆಯಾಗಿ ನಿಂತಿರುತ್ತೀರಿ, ನಿಮ್ಮ ಮುಖ ಬರಬಾರದೆಂದು. ಹೌದೋ ಅಲ್ಲವೋ?

ಸ್ಟುಡಿಯೋ ಮಂಜ

ಹೌದು ಸರ್!! ಕನ್ನಡಿಯಲ್ಲಿ ನಾನೇ ಕಾಣ್ತಿದ್ದೆ ಅಂತ ಪಕ್ಕಕ್ಕೆ ಸರಿದೆ.

ಹಳೇ ಪೌಡರ್

ಎಲ್ಲರೂ ಮಾಡುವ ತಪ್ಪು. ನಾನೂ ಮಾಡಿದ್ದೇನೆ. ಬೆರಳಚ್ಚಿನ ಫೋಟೋದಲ್ಲಿ ಕ್ಯಾಮೆರಾ ಗುರುತಿಗೆ ನೆಟ್ಟಗೆ ಎದುರಿಗೇ ಇರಬೇಕು, ಓರೆಯಾಗಬೇಕಾದ್ದು ಬೆಳಕು. ಎದುರಿಗೆ ನಿಂತರೆ ಬಿಂಬದ ಗೆರೆ ನಿಜವಾದ ಗೆರೆಯ ಹಿಂದೆಯೇ ಅಡಗುತ್ತದೆ. ನಿಮ್ಮ ಮುಖ ಕಾಣದಿರಲು ಒಂದು ಕಪ್ಪು ರಟ್ಟಿನ ಮಧ್ಯೆ ಲೆನ್ಸ್ ತೂರುವಷ್ಟು ತೂತು ಮಾಡಿ ಸಿಕ್ಕಿಸಿಕೊಳ್ಳಿ. ಆಗ ಕನ್ನಡಿಯಲ್ಲಿ ಕಾಣುವುದು ಬರೀ ಕಪ್ಪು ರಟ್ಟು, ಅದರ ಮೇಲೆ ಬೆಳ್ಳಿ ಗೆರೆ. ಮಲ್ನಾಡಿನವರು ಹೇಳಿದ್ದೇ ಸೂತ್ರ.

ಪೇಂಟ್, ಮರ, ಟೈಲ್ಸ್ ಮೇಲೂ ಕನ್ನಡಿ ಉಪಯೋಗಕ್ಕೆ ಬರುತ್ತದೆ. ಗುರುತಿನ ಪಕ್ಕದಲ್ಲಿ, ಮೇಲೆ ಅಲ್ಲ, ಪುಟ್ಟ ಚಪ್ಪಟೆ ಕನ್ನಡಿಯನ್ನು ಮೇಲ್ಮೈಗೆ ಒತ್ತಿ ಹಿಡಿಯಿರಿ. ನಿಮ್ಮ ಲೆನ್ಸಿನ ಬಿಂಬ ಫ್ರೇಮಿನ ನಟ್ಟನಡುವೆ ಕಂಡರೆ ಕ್ಯಾಮೆರಾ ನೆಟ್ಟಗಿದೆ. ಅಲ್ಲಿಂದ ಗುರುತಿನ ಎದುರಿಗೆ ಹಾಗೆಯೇ ಸರಿಸಿ.

ಮಲ್ನಾಡ್ ಮ್ಯಾಕ್ರೋ

ಕನ್ನಡಿ ಕೇಸಿಗೆ ಒಂದು ಸೇರಿಸ್ತೀನಿ. ಅಲ್ಲಿ ಅಪರ್ಚರ್, ಅಂದ್ರೆ ಲೆನ್ಸಿನೊಳಗೆ ಬೆಳಕು ಬರೋ ಕಿಂಡಿ, ಜಾಸ್ತಿ ಮುಚ್ಚಬೇಡಿ. ಎಫ್ ಸಂಖ್ಯೆ ಏರಿದಷ್ಟೂ ಕಿಂಡಿ ಚಿಕ್ಕದು. ಗಾಜು 4 ಮಿ.ಮೀ. ದಪ್ಪ ಇದ್ರೆ ಬಿಂಬದ ಗೆರೆ ಸುಮಾರು 5 ಮಿ.ಮೀ. ಹಿಂದೆ ಇದ್ದಹಾಗೆ ಕಾಣುತ್ತೆ. ಎಫ್ 16, 22 ಅಂತ ಹೋದ್ರೆ ಎರಡೂ ಫೋಕಸ್‌ಗೆ ಬಂದು ಕಾಡುತ್ತವೆ. ಎಫ್ 5.6ರಲ್ಲಿ ಹಿಂದಿನದು ಕರಗಿಹೋಗುತ್ತೆ. ಬೇರೆ ಕಡೆ ಎಫ್ 8ರಿಂದ 11. ಅದಕ್ಕಿಂತ ಮುಚ್ಚಿದ್ರೆ ಡಿಫ್ರ್ಯಾಕ್ಷನ್‌ಗೆ (ಸಣ್ಣ ಕಿಂಡಿಯಲ್ಲಿ ಬೆಳಕು ಹರಡೋದು) ಗೆರೆಯ ಅಂಚು ಮೆತ್ತಗಾಗುತ್ತೆ. ಮದುವೆ ಗ್ರೂಪ್ ಫೋಟೋ ಅಭ್ಯಾಸದಲ್ಲಿ "ಮುಚ್ಚಿದಷ್ಟೂ ಶಾರ್ಪ್" ಅಂದ್ಕೊಂಡಿರ್ತಾರೆ ಎಲ್ಲರೂ.

ಕುಡ್ಲ ಕ್ಲಿಕ್

ಮಾರಾಯ್ರೆ ಇಷ್ಟೆಲ್ಲ ಉಂಟಾ ಒಂದು ಬೆರಳಿನಲ್ಲಿ!

ಪಿಕ್ಸೆಲ್ ಪುಟ್ಟ

ಸರಿ, ಬೆಳಕು ಒಪ್ಕೊಂಡೆ. ಆದ್ರೂ ಫೋನ್ ಯಾಕೆ ಬೇಡ ಅಂತ ಯಾರೂ ಹೇಳ್ಲಿಲ್ಲ. ಫೋನಿಗೂ ಪಕ್ಕದಿಂದ ಟಾರ್ಚ್ ಹಿಡೀಬಹುದಲ್ಲ?

ಫೊರೆನ್ಸಿಕ್ ಹುಡುಗಿ

ನಾನು ಎಂ.ಎಸ್ಸಿ. ಫೊರೆನ್ಸಿಕ್ ಓದ್ತಿರೋಳು. ಲೆಕ್ಕ ಹಾಕೇ ನೋಡೋಣ. ಬೆರಳಚ್ಚಿನ ಫೋಟೋಗೆ ಸಾಮಾನ್ಯವಾಗಿ ಒಪ್ಪಿರೋ ಅಳತೆ ಅಂದ್ರೆ ನಿಜ ಗಾತ್ರದಲ್ಲಿ ಇಂಚಿಗೆ 1000 ಪಿಕ್ಸೆಲ್. ಮಂಜಣ್ಣನ 24 ಮೆಗಾಪಿಕ್ಸೆಲ್ ಅಂದ್ರೆ 6000 × 4000. ಅಲ್ಲಿಗೆ 6 × 4 ಇಂಚು ಜಾಗ ಒಂದೇ ಫ್ರೇಮಲ್ಲಿ ತೆಗೆದ್ರೂ ಅಳತೆ ಮುಟ್ಟತ್ತೆ. ಕಿಟ್ ಲೆನ್ಸ್ 55ಕ್ಕೆ ಇಟ್ಟು ಆದಷ್ಟು ಹತ್ತಿರ ಹೋದ್ರೆ ಮೂರು ಇಂಚಿಗಿಂತ ಕಮ್ಮಿ ಅಗಲ ತುಂಬತ್ತೆ, ಇಂಚಿಗೆ 2000 ಮೇಲೆ ಸಿಗತ್ತೆ. ಅಂದ್ರೆ ಅಣ್ಣಾ, ನಿಮ್ಮ ಹತ್ತು ಸಾವಿರ ಉಳೀತು. ಲೆನ್ಸ್ ಬೇಡ, ಟ್ರೈಪಾಡ್ ಮತ್ತು ಒಂದು ಒಳ್ಳೆ ಎಲ್‌ಇಡಿ ಟಾರ್ಚ್ ಸಾಕು.

ಪುಟ್ಟ ಅವ್ರೇ, 12 ಮೆಗಾಪಿಕ್ಸೆಲ್ ಫೋನಿನದು ಸುಮಾರು 4000 ಪಿಕ್ಸೆಲ್ ಅಗಲ. ಲೆಕ್ಕದಲ್ಲಿ ಫೋನೂ ಪಾಸ್.

ಪಿಕ್ಸೆಲ್ ಪುಟ್ಟ

ನೋಡಿದ್ರಾ!!! ನಾನು ಹೇಳಿದ್ದು ಅದೇ

ಫೊರೆನ್ಸಿಕ್ ಹುಡುಗಿ

ಮುಗಿಸಕ್ಕೆ ಬಿಡಿ. ಲೆಕ್ಕದಲ್ಲಿ ಪಾಸು, ನಡತೆಯಲ್ಲಿ ಫೇಲು. ಫೋನು ತಾನೇ ನಾಯ್ಸ್ ಒರೆಸತ್ತೆ, ತಾನೇ ಅಂಚು ಚೂಪು ಮಾಡತ್ತೆ, ಕೆಲವು ನಾಲ್ಕೈದು ಫ್ರೇಮ್ ಸೇರಿಸಿ ಒಂದು ಮಾಡ್ತವೆ. ಮುಖಕ್ಕೆ ಅದು ಚೆನ್ನ. ಇಲ್ಲಿ ತಜ್ಞರು ನೋಡೋದು ಗೆರೆ ಎಲ್ಲಿ ಕವಲೊಡೀತು, ಎಲ್ಲಿ ನಿಂತುಹೋಯ್ತು ಅಂತ. ಕೂದಲೆಳೆ ಅಂತರದಲ್ಲಿರೋ ಎರಡು ಗೆರೆ ತುದಿಗಳನ್ನ ಫೋನು "ಇದು ಒಂದೇ ಗೆರೆ ಇರ್ಬೇಕು" ಅಂತ ಸೇರಿಸಿಬಿಟ್ರೆ? ಅದೂ ಅಲ್ದೆ ಫೋನಿನ ಅಗಲ ಲೆನ್ಸಲ್ಲಿ ಹತ್ತಿರ ಹೋದ್ರೆ ಅಂಚು ಹಿಗ್ಗತ್ತೆ.

ಬೇರೇನೂ ಇಲ್ಲ ಅಂದ್ರೆ ಫೋನಲ್ಲಿ ರಾ ಫೈಲ್ (ಹೀಗೆ ತಿದ್ದೋಕೆ ಮುಂಚಿನ ಫೈಲ್) ತೆಗೀರಿ, ಏನೂ ಇಲ್ಲದ್ದಕ್ಕಿಂತ ಮೇಲು. ಆದ್ರೆ ದಯವಿಟ್ಟು ವಾಟ್ಸಾಪಲ್ಲಿ ಫೋಟೋ ಅಂತ ಕಳಿಸ್ಬೇಡಿ. ಕುಗ್ಗಿಸಿ ಹಿಂಡಿ ಕಳಿಸತ್ತೆ, ದಿನಾಂಕ ಸಮಯದ ಮಾಹಿತಿನೂ ಹಾರಿಹೋಗತ್ತೆ.

ಸ್ಟುಡಿಯೋ ಮಂಜ

ಅಯ್ಯೋ. ನಾನು ವಾಟ್ಸಾಪಲ್ಲೇ ಕಳ್ಸಿದ್ದು. ಅವ್ರೇ ಕೇಳಿದ್ರು.

ಸುಮ್ನೆ ಓದೋನು

ಮಂಜಣ್ಣನ ಅಯ್ಯೋ ಎಣಿಸ್ತಾ ಇದೀನಿ, ಒಂದಾಯ್ತು.

ಹುಬ್ಳಿ ವಕೀಲ

ನೋಡ್ರಿ ಮಂಜಣ್ಣಾರ, ಫೋಟೋ ಚಂದ ಬಂದಿಲ್ಲ ಅನ್ನೋ ಚಿಂತಿ ಆಮ್ಯಾಲೆ ಮಾಡೂಣಂತ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿ ಆಗೇತಿ. ಮೊದಲಿನ ಸಾಕ್ಷ್ಯ ಕಾಯ್ದೆದ 65ಬಿ ಈಗ ಇದರಾಗ 63ನೇ ಕಲಂ. ಡಿಜಿಟಲ್ ಫೋಟೋ ಕೋರ್ಟಿಗೆ ಬರಬೇಕಂದ್ರ ಜೋಡಿ ಪ್ರಮಾಣಪತ್ರ ಬೇಕು. ಅದರಾಗ ಎರಡು ಭಾಗ, ಒಂದು ಫೈಲ್ ಕೊಡೋರದು, ಇನ್ನೊಂದು ತಜ್ಞರದು. ಅದರಾಗ ಹ್ಯಾಶ್ ಮೌಲ್ಯ ಬರೀಬೇಕು. ಹ್ಯಾಶ್ ಅಂದ್ರ ಆ ಫೈಲಿನ ಬೆರಳಚ್ಚು ಅಂತ ತಿಳೀರಿ. ಒಂದ ಪಿಕ್ಸೆಲ್ ಬದಲಾದ್ರೂ ಪೂರ್ತಿ ಸಂಖ್ಯಿನ ಬ್ಯಾರೆ ಬರ್ತೇತಿ. ನಿಮ್ಮ ಕಡೆ ಇರೋ ಫೈಲ್‌ದು ಒಂದು ಹ್ಯಾಶ್, ವಾಟ್ಸಾಪಿನ್ಯಾಗ ಹೋದದ್ದರದು ಇನ್ನೊಂದು. ಆರೋಪಿ ಪರ ವಕೀಲ ನಾನಿದ್ರ ಅರ್ಧ ತಾಸು ಅದರ ಮ್ಯಾಲೆ ನಿಮ್ಮನ್ನ ನಿಂದರಸ್ತಿದ್ದೆ.

ಸ್ಟುಡಿಯೋ ಮಂಜ

ನನ್ನನ್ನಾ?! ನಾನ್ಯಾಕೆ ಕೋರ್ಟಿಗೆ ಸರ್, ನಾನು ಬರೀ ಫೋಟೋ ತೆಗೆದೋನು.

ಹುಬ್ಳಿ ವಕೀಲ

ಫೋಟೋ ತೆಗದಾಂವನ್ನ ಬಿಟ್ಟು ಮತ್ತ ಯಾರನ್ನ ಕರೀಬೇಕ್ರಿ? ಮೂರು ವರ್ಷ ಆದಮ್ಯಾಲೆ ಸಮನ್ಸ್ ಬರ್ತೇತಿ. "ಎಷ್ಟು ಫೋಟೋ ತೆಗದ್ರಿ, ಯಾವ ಹೊತ್ತಿನ್ಯಾಗ, ಮೊದಲನೇದು ಯಾವುದು, ಯಾರು ಹೇಳಿದ್ರು" ಅಂತ ಕೇಳ್ತಾರ. ಅದಕ್ಕ ಒಂದು ನೋಟ್‌ಬುಕ್ ಇಡ್ರಿ. ಯಾವ ಫ್ರೇಮ್ ಯಾವ ಗುರುತು, ಪೌಡರ್‌ಗಿಂತ ಮೊದಲೋ ಆಮ್ಯಾಲೋ, ಅಷ್ಟು ಬರೀರಿ ಸಾಕು. ಮತ್ತ ಗುರುತು ಇಂಥವರದು ಅಂತ ನೀವು ಹೇಳೂದಲ್ಲ. ಅದು ತಜ್ಞರ ಅಭಿಪ್ರಾಯ, 39ನೇ ಕಲಂ. ನಿಮ್ಮದು "ಹಿಂಗ ಇತ್ತು, ಹಿಂಗ ತೆಗದೆ" ಅಷ್ಟ.

ಕುಡ್ಲ ಕ್ಲಿಕ್

ವಕೀಲ್ರೆ, ಈಗ ಫೊರೆನ್ಸಿಕ್‌ನವರು ಬರಲೇಬೇಕು ಅಂತ ಕಾನೂನು ಬಂದಿದೆಯಲ್ಲ? ಮತ್ತೆ ಸ್ಟುಡಿಯೋದವರನ್ನು ಕರೆಯುವುದು ಎಂತಕ್ಕೆ?

ಹುಬ್ಳಿ ವಕೀಲ

ಹಳೇ ಸಿಆರ್‌ಪಿಸಿ ಬದಲಿ ಬಂದದ್ದು ನಾಗರಿಕ ಸುರಕ್ಷಾ ಸಂಹಿತೆ, ಅದರ 176(3). ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆ ಇರೋ ಅಪರಾಧಕ್ಕ ಫೊರೆನ್ಸಿಕ್ ತಜ್ಞರು ಸ್ಥಳಕ್ಕ ಬರಬೇಕು, ವಿಡಿಯೋ ಆಗಬೇಕು. ವಾಸದ ಮನಿಯೊಳಗಿನ ಕಳವಿಗೂ ಏಳು ವರ್ಷದ ತನಕ ಶಿಕ್ಷಾ ಅದ. ಆದರ ರಾಜ್ಯ ಸರ್ಕಾರಗಳು ಇದನ್ನ ಜಾರಿಗೆ ತರಲಿಕ್ಕೆ ಐದು ವರ್ಷದ ಅವಕಾಶ ಕೊಟ್ಟಾರ. ಅಲ್ಲೀತನಕ ಮಂಜಣ್ಣ.

ಸುಮ್ನೆ ಓದೋನು

"ಅಲ್ಲೀತನಕ ಮಂಜಣ್ಣ" 😂 ಬೋರ್ಡ್ ಬರೆಸಿ ಸ್ಟುಡಿಯೋ ಮುಂದೆ ಹಾಕಿ.

ಬೆಂಜೀನ್ ಮೇಡಂ

ಕೆಮಿಸ್ಟ್ರಿ ಪಾಠ ಮಾಡುವವಳು ನಾನು, ಬೀರು ಬಿಟ್ಟು ಕಾಗದದ ಕಡೆ ಸ್ವಲ್ಪ ಬರುತ್ತೇನೆ. ಕಾಗದದ ಮೇಲೆ ಪೌಡರ್ ಅಷ್ಟು ಕೆಲಸ ಮಾಡುವುದಿಲ್ಲ, ಬೆವರು ಒಳಗೆ ಇಂಗಿರುತ್ತದೆ. ಅಲ್ಲಿ ನಿನ್‌ಹೈಡ್ರಿನ್ ಎನ್ನುವ ರಾಸಾಯನಿಕ. ಬೆವರಿನಲ್ಲಿರುವ ಅಮೈನೋ ಆಮ್ಲದ ಜೊತೆ ಸೇರಿ ನೇರಳೆ ಬಣ್ಣ ಕೊಡುತ್ತದೆ. ನೀರು ಆರಿಹೋದರೂ ಅಮೈನೋ ಆಮ್ಲ ಕಾಗದದಲ್ಲಿ ಉಳಿದುಕೊಳ್ಳುವುದರಿಂದ ಹಳೇ ಪತ್ರದಲ್ಲೂ ಗುರುತು ಸಿಗುವುದುಂಟು.

ಫೋಟೋದವರಿಗೆ ಇದರಲ್ಲಿ ಒಂದು ಉಪಾಯ ಇದೆ. ನೇರಳೆ ಬಣ್ಣ ಹಸಿರು ಬೆಳಕನ್ನು ನುಂಗುತ್ತದೆ. ಲೆನ್ಸಿಗೆ ಹಸಿರು ಫಿಲ್ಟರ್ ಹಾಕಿ ಕಪ್ಪು-ಬಿಳುಪು ಮಾಡಿದರೆ ತೆಳು ನೇರಳೆ ಗೆರೆಯೂ ಕಪ್ಪಾಗಿ ಎದ್ದು ನಿಲ್ಲುತ್ತದೆ. ಫಿಲ್ಟರ್ ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ಹಸಿರು ಚಾನೆಲ್ ಮಾತ್ರ ತೆಗೆದುಕೊಳ್ಳಿ. ಅಯೋಡಿನ್ ಹೊಗೆಯಲ್ಲಿ ಎಬ್ಬಿಸಿದ ಕಂದು ಗುರುತಾದರೆ ಕಾಯುವ ಹಾಗೇ ಇಲ್ಲ, ನೋಡನೋಡುತ್ತಲೇ ಮಾಸುತ್ತದೆ. ಕ್ಯಾಮೆರಾ ಮೊದಲೇ ಸಿದ್ಧ ಇರಬೇಕು.

ಪಿಕ್ಸೆಲ್ ಪುಟ್ಟ

ಮೇಡಂ ಫೆವಿಕ್ವಿಕ್ ಹೊಗೆಯಲ್ಲೂ ಬರತ್ತಂತಲ್ಲ? ಮನೇಲಿ ಟ್ರೈ ಮಾಡ್ಲಾ, ಖಾಲಿ ಮೀನಿನ ತೊಟ್ಟಿ ಇದೆ.

ಬೆಂಜೀನ್ ಮೇಡಂ

ಬರುತ್ತದೆ. ಅದರಲ್ಲಿರುವುದು ಸಯನೋಅಕ್ರಿಲೇಟ್. ಬಿಸಿ ಮಾಡಿದಾಗ ಏಳುವ ಆವಿ ಬೆರಳ ಗುರುತಿನ ತೇವದ ಮೇಲೆ ಗಟ್ಟಿಯಾಗಿ ಬಿಳಿ ಗೆರೆ ಆಗುತ್ತದೆ. ಪ್ಲಾಸ್ಟಿಕ್ ಚೀಲ, ಬಾಟಲಿಗೆ ಚೆನ್ನ. ಎಪ್ಪತ್ತರ ದಶಕದ ಕೊನೆಯಲ್ಲಿ ಜಪಾನಿನಲ್ಲಿ ಕಂಡುಕೊಂಡದ್ದು. ಮನೆಯಲ್ಲಿ ಬೇಡ ಮಗು. ಕಣ್ಣು, ಗಂಟಲು ಎರಡೂ ಉರಿಯುತ್ತದೆ. ಮೀನನ್ನು ಮತ್ತೆ ಆ ತೊಟ್ಟಿಗೆ ಬಿಡುವ ಹಾಗೂ ಇಲ್ಲ.

ಪಿಕ್ಸೆಲ್ ಪುಟ್ಟ

ಮಗು ಅಂದ್ರು 😐

ಹಳೇ ಪೌಡರ್

ಸ್ಕೇಲ್ ಬಗ್ಗೆ ಯಾರೂ ಹೇಳಲಿಲ್ಲ. ಮಂಜಣ್ಣ, ಸ್ಕೇಲ್ ಇಟ್ಟಿದ್ದಿರೋ?

ಸ್ಟುಡಿಯೋ ಮಂಜ

ಇಟ್ಟಿದ್ದೆ ಸರ್. ಮನೆ ಹುಡುಗನ ಜಾಮಿಟ್ರಿ ಬಾಕ್ಸಿನ ಸ್ಕೇಲು, ಹಿಡಿಕೆ ಮೇಲೆ ಒರಗಿಸಿದ್ದೆ.

ಹಳೇ ಪೌಡರ್

ಹಿಡಿಕೆ ಮೇಲೆ! ಅಂದರೆ ಗುರುತಿಗಿಂತ ಎಷ್ಟು ಮುಂದೆ ಬಂತು? 30 ಸೆಂ.ಮೀ. ದೂರದಿಂದ ತೆಗೆಯುವಾಗ ಸ್ಕೇಲ್ ಬರೀ 3 ಮಿ.ಮೀ. ಮುಂದಿದ್ದರೂ ಅಳತೆ ನೂರಕ್ಕೆ ಒಂದರಷ್ಟು ತಪ್ಪುತ್ತದೆ. ಬೀರು ಹಿಡಿಕೆ ಎರಡು-ಮೂರು ಸೆಂಟಿಮೀಟರ್ ಎದ್ದಿರುತ್ತದೆ, ಲೆಕ್ಕ ನೀವೇ ಹಾಕಿ. ಗುರುತನ್ನು ನಿಜ ಗಾತ್ರಕ್ಕೆ ತರುವುದು ಆ ಸ್ಕೇಲ್ ನೋಡಿಯೇ. ಸ್ಕೇಲ್ ಗುರುತಿನ ಪಕ್ಕದಲ್ಲಿ ಅದೇ ಮೇಲ್ಮೈಗೆ ಅಂಟಿರಬೇಕು. ತೆಳು ಅಂಟು ಸ್ಕೇಲ್ ಸಿಗುತ್ತದೆ. ಎಲ್ ಆಕಾರದ್ದಾದರೆ ಅದರಲ್ಲಿ ವೃತ್ತಗಳಿರುತ್ತವೆ. ಫೋಟೋದಲ್ಲಿ ವೃತ್ತ ಮೊಟ್ಟೆಯಾಗಿದ್ದರೆ ಕ್ಯಾಮೆರಾ ಓರೆ ಇತ್ತು ಎಂದರ್ಥ.

ಕ್ರಮವನ್ನೂ ಹೇಳಿಬಿಡುತ್ತೇನೆ. ಮೊದಲು ಕೋಣೆ, ಆಮೇಲೆ ಬೀರು ಪೂರ್ತಿ, ಆಮೇಲೆ ಗುರುತು ಬೀರುವಿನ ಯಾವ ಜಾಗದಲ್ಲಿದೆ ಎಂದು ತಿಳಿಯುವ ಹಾಗೆ, ಕೊನೆಗೆ ಹತ್ತಿರದಿಂದ. ಹತ್ತಿರದ್ದು ಸ್ಕೇಲ್ ಇಲ್ಲದೆ ಒಂದು, ಸ್ಕೇಲ್ ಇಟ್ಟು ಒಂದು. ಬರಿಗಣ್ಣಿಗೆ ಕಾಣುವ ಗುರುತಾದರೆ ಪೌಡರ್ ಮುಟ್ಟಿಸುವ ಮೊದಲೂ ಒಂದು. ಹತ್ತಿರದ ಫೋಟೋ ಎಷ್ಟೇ ಸ್ಪಷ್ಟ ಇರಲಿ, ಅದು ಯಾವ ಬಾಗಿಲಿನದು ಎಂದು ತೋರಿಸುವ ಫೋಟೋ ಇಲ್ಲದಿದ್ದರೆ ಯಾರ ಮನೆಯದೆಂದೂ ಹೇಳಲಾಗದು.

ನನ್ನದೇ ಒಂದು ಪೆದ್ದತನ ಹೇಳುತ್ತೇನೆ, ಮಂಜಣ್ಣನಿಗೆ ಸಮಾಧಾನವಾಗಲಿ. ಫಿಲ್ಮ್ ಕಾಲ. ಕಿಟಕಿ ಗಾಜಿನ ಒಳಬದಿಯಲ್ಲಿ ಗುರುತು. ಒಳಗೆ ಮಂಚ ಅಡ್ಡ ಇತ್ತು ಅಂತ ಹೊರಗಿನಿಂದ ಗಾಜಿನ ಮೂಲಕ ತೆಗೆದೆ. ಪ್ರಿಂಟ್ ಅದ್ಭುತವಾಗಿ ಬಂತು, ಮೂರು ದಿನ ದಾಖಲೆ ಹುಡುಕಿದರೂ ಯಾರಿಗೂ ತಾಳೆಯಾಗಲಿಲ್ಲ. ನಾಲ್ಕನೇ ದಿನ ಸಹೋದ್ಯೋಗಿಯೊಬ್ಬರು ನೆಗೆಟಿವನ್ನು ತಿರುಗಿಸಿ ಇಟ್ಟರು. ಎಡಕ್ಕೆ ತಿರುಗಿದ ಕುಣಿಕೆ ಬಲಕ್ಕೆ ಬಂತು, ಹತ್ತು ನಿಮಿಷದಲ್ಲಿ ಆಸಾಮಿ ಸಿಕ್ಕ. ಹಿಂದಿನಿಂದ ತೆಗೆದ ಫೋಟೋ ಕನ್ನಡಿಯ ಬಿಂಬದಂತೆ ತಿರುಗುಮುರುಗಾಗಿರುತ್ತದೆ, ಅದನ್ನು ನಾನು ಬರೆದಿಡಲಿಲ್ಲ.

ಸುಮ್ನೆ ಓದೋನು

ಕುಣಿಕೆ ಅಂದ್ರೆ? ನಮ್ಮಜ್ಜಿ ಬೆರಳು ಹಿಡಿದು ಶಂಖ, ಚಕ್ರ ಅಂತ ಎಣಿಸ್ತಿದ್ರು. ನಂಗೆ ನಾಲ್ಕು ಚಕ್ರ. ಹತ್ತೂ ಚಕ್ರ ಇದ್ರೆ ರಾಜ ಆಗ್ತಾನಂತೆ.

ಹಳೇ ಪೌಡರ್

ಅಜ್ಜಿ ಹೇಳಿದ ಚಕ್ರವೇ ನಮ್ಮ ಸುರುಳಿ. ಶಂಖ ಅಂದರೆ ಹೆಚ್ಚುಕಡಿಮೆ ಕುಣಿಕೆ. ಮೂರನೆಯದು ಕಮಾನು, ಅದು ಅಪರೂಪ, ಅಜ್ಜಿಯ ಪಟ್ಟಿಯಲ್ಲಿ ಅದಕ್ಕೆ ಹೆಸರಿಲ್ಲ. ಹತ್ತೂ ಸುರುಳಿ ಇರುವವರನ್ನು ನೋಡಿದ್ದೇನೆ, ರಾಜರಲ್ಲ, ಇಬ್ಬರು ಜೇಬುಗಳ್ಳರು.

ಬೆಂಜೀನ್ ಮೇಡಂ

😂😂 ತರಗತಿಯಲ್ಲಿ ಹೇಳುತ್ತೇನೆ ಇದನ್ನು.

ಕುಡ್ಲ ಕ್ಲಿಕ್

ನನಗೆ ಒಂದು ಡೌಟು ಯಾವಾಗಲೂ. ಬೆರಳಚ್ಚು ಅಂದ್ರೆ ಟೈಪಿಂಗ್ ಕೂಡ ಅಲ್ವಾ? ನನ್ನ ದೊಡ್ಡಪ್ಪ ಸರ್ಕಾರಿ ಬೆರಳಚ್ಚುಗಾರ. ನಾನು ಸಣ್ಣವನಿರುವಾಗ ಅವರು ಕಳ್ಳರನ್ನು ಹಿಡಿಯುವವರು ಅಂತ ಶಾಲೆಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೆ.

ಹಳೇ ಪೌಡರ್

ನಮ್ಮ ಕಚೇರಿಗೂ ಟೈಪಿಂಗ್ ಪರೀಕ್ಷೆ ಎಲ್ಲಿ ಅಂತ ಕೇಳಿಕೊಂಡು ಬರುತ್ತಿದ್ದರು.

ಹುಬ್ಳಿ ವಕೀಲ

ನಮ್ಮ ಕಡೆ ಹೆಬ್ಬಟ್ಟು ಅಂತಾರ. ಓದು ಬರದವರಿಗೆ "ಅಂವ ಹೆಬ್ಬಟ್ಟು" ಅನ್ನೂದು ಬ್ಯಾರೆ. ಈಗ ನೋಡ್ರಿ, ಎಂ.ಎ. ಮಾಡಿದಾಂವನೂ ರೇಷನ್ ಅಂಗಡಿಯೊಳಗ ಹೆಬ್ಬಟ್ಟ ಒತ್ತಬೇಕು.

ಮಲ್ನಾಡ್ ಮ್ಯಾಕ್ರೋ

ಒತ್ತಿದ್ರೂ ಬರಲ್ಲ ಅನ್ನೋದೇ ಕಷ್ಟ. ನಮ್ಮಲ್ಲಿ ಅಡಿಕೆ ಸುಲಿಯೋ ಹೆಂಗಸರ ಬೆರಳು ಸುಗ್ಗಿ ಮುಗಿಯೋ ಹೊತ್ತಿಗೆ ನುಣ್ಣಗಾಗಿರುತ್ತೆ, ಚೊಗರು ಬೇರೆ ಹಿಡಿದಿರುತ್ತೆ. ನ್ಯಾಯಬೆಲೆ ಅಂಗಡಿ ಮಿಷನ್ನು "ಮತ್ತೆ ಪ್ರಯತ್ನಿಸಿ" ಅಂತಲೇ ಇರುತ್ತೆ. ಅತ್ತೆ ಒಬ್ಬರು ಹತ್ತೂ ಬೆರಳು ಇಟ್ಟು ಕೊನೆಗೆ ಬೈದು ಬಂದ್ರು.

ಫೊರೆನ್ಸಿಕ್ ಹುಡುಗಿ

ವಿಷಯ ಎಲ್ಲೆಲ್ಲೋ ಹೋಯ್ತು, ನಂದೂ ಒಂದು. ಹೆಬ್ಬೆಟ್ಟಿನ ಕಥೆ ಶುರುವಾಗಿದ್ದೂ ಕರಾರು ಪತ್ರದಿಂದಲೇ. 1858ರಲ್ಲಿ ಬಂಗಾಳದಲ್ಲಿ ವಿಲಿಯಂ ಹರ್ಷೆಲ್ ಅನ್ನೋ ಅಧಿಕಾರಿ ರಾಜ್ಯಧರ್ ಕೋನಾಯಿ ಅನ್ನೋ ಗುತ್ತಿಗೆದಾರನ ಹತ್ರ ರಸ್ತೆ ಸಾಮಗ್ರಿ ಕರಾರಿಗೆ ಇಡೀ ಅಂಗೈ ಒತ್ತಿಸಿಕೊಂಡ. 1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ಬ್ಯೂರೋ, ಪ್ರಪಂಚದಲ್ಲೇ ಮೊದಲನೇದು. ವರ್ಗೀಕರಣದ ಲೆಕ್ಕ ಕಟ್ಟಿದ್ದು ಅಜೀಜುಲ್ ಹಕ್ ಮತ್ತೆ ಹೇಮಚಂದ್ರ ಬೋಸ್, ಹೆಸರು ಮಾತ್ರ ಅವ್ರ ಮೇಲಧಿಕಾರಿ ಎಡ್ವರ್ಡ್ ಹೆನ್ರಿ ಸಾಹೇಬರದು, ಹೆನ್ರಿ ಪದ್ಧತಿ. ಪರೀಕ್ಷೇಲಿ ನಾನು ಮೂರೂ ಹೆಸರು ಬರೆದೆ.

ಹಳೇ ಪೌಡರ್

ಒಳ್ಳೆಯದು ಮಾಡಿದಿರಿ. ಮರುವರ್ಷ 1898ರ ಜಲಪೈಗುರಿ ಮೊಕದ್ದಮೆ ಗೊತ್ತಿರಬೇಕಲ್ಲ? ಚಹಾ ತೋಟದ ಮ್ಯಾನೇಜರ್ ಕೊಲೆ, ಬಂಗಾಳಿ ಪಂಚಾಂಗದ ಮೇಲೆ ರಕ್ತದ ಬೆರಳ ಗುರುತು. ಹಳೇ ಕಳ್ಳನೊಬ್ಬನ ದಾಖಲೆಗೆ ಹೊಂದಿತು. ಆದರೂ ಕೋರ್ಟು ಕಳ್ಳತನಕ್ಕೆ ಮಾತ್ರ ಶಿಕ್ಷೆ ಕೊಟ್ಟಿತು, ಕೊಲೆಗಲ್ಲ. ಗುರುತು ಅವನು ಅಲ್ಲಿದ್ದ ಎನ್ನುತ್ತದೆಯೇ ಹೊರತು ಅಲ್ಲಿ ಏನು ಮಾಡಿದ ಎನ್ನುವುದಿಲ್ಲ.

ಕುಡ್ಲ ಕ್ಲಿಕ್

ಆ ಬೀರು ಮೇಲಿನ ಗುರುತು ಕಳ್ಳನದ್ದೇ ಅಂತ ಹೇಗೆ ಗೊತ್ತು? ಕಳವಾದ ಮನೆಗೆ ಊರಿಡೀ ಬಂದು "ಇಲ್ಲಿಂದವಾ" ಅಂತ ಮುಟ್ಟಿ ನೋಡುತ್ತದೆ.

ಸ್ಟುಡಿಯೋ ಮಂಜ

ಸರಿಯಾಗಿ ಹೇಳಿದ್ರಿ. ಅವ್ರು ಶುಕ್ರವಾರ ಬೀರುಗೆ ಪೂಜೆ ಮಾಡ್ತಾರೆ. ಅರಿಶಿನ-ಕುಂಕುಮದ ಬೆರಳ ಗುರುತು ದೊಡ್ಡದಾಗಿ ಕಾಣ್ತಿತ್ತು, ಒಬ್ಬ ಕಾನ್‌ಸ್ಟೇಬಲ್ "ರಕ್ತ ರಕ್ತ" ಅಂದ. ಮನೆಯಾಕೆ ಅಳ್ತಿದ್ದೋರು ಅಳು ನಿಲ್ಸಿ "ಅದು ನಾನೇ ಇಟ್ಟಿದ್ದು" ಅಂದ್ರು.

ಹಳೇ ಪೌಡರ್

ಅದಕ್ಕೇ ಮನೆಯವರೆಲ್ಲರ ಬೆರಳಚ್ಚೂ ತೆಗೆದುಕೊಳ್ಳುತ್ತೇವೆ, ಅವರದ್ದನ್ನು ಕಳೆದು ಮಿಕ್ಕದ್ದನ್ನು ನೋಡಲು. ಕೇಳಿದಾಗ ಎಷ್ಟೋ ಜನ ಸಿಟ್ಟಾಗುತ್ತಾರೆ, "ನಮ್ಮನ್ನೇ ಕಳ್ಳರು ಅಂತೀರಾ" ಎಂದು.

ಪಿಕ್ಸೆಲ್ ಪುಟ್ಟ

ಸರಿ, ಮಂಜಣ್ಣನ ಮಸುಕು ಫೋಟೋ ಫೋಟೋಶಾಪಲ್ಲಿ ಸರಿ ಮಾಡ್ಬಹುದಲ್ವಾ? ಎಐ ಶಾರ್ಪ್ ಹಾಕಿದ್ರೆ ಗೆರೆ ಎಣಿಸ್ಬಹುದು.

ಹುಬ್ಳಿ ವಕೀಲ

ಮುಟ್ಟಬ್ಯಾಡ್ರಿ! ಒಂದು ಸಲ ಫೋಟೋಶಾಪ್ ಅಂದ್ರ ಮುಗೀತು, ಕೋರ್ಟಿನ್ಯಾಗ ಅದು ಬೈಗುಳ ಇದ್ದಂಗ.

ಹಳೇ ಪೌಡರ್

ವಕೀಲರೇ, ಅಷ್ಟು ಗಟ್ಟಿಯಾಗಿ ಬೇಡ. ಕತ್ತಲೆಕೋಣೆಯಲ್ಲಿ ನಾವೂ ಕಡಕ್ ಪೇಪರ್ ಆರಿಸಿ ಕಪ್ಪು ಬಿಳುಪಿನ ವ್ಯತ್ಯಾಸ ಏರಿಸುತ್ತಿದ್ದೆವು. ಇಡೀ ಚಿತ್ರಕ್ಕೆ ಒಂದೇ ಸಮ ಅನ್ವಯಿಸುವ ಕೆಲಸ, ಅಂದರೆ ಕಾಂಟ್ರಾಸ್ಟ್, ಕಪ್ಪು-ಬಿಳುಪು ಅದಲುಬದಲು, ಮೇಡಂ ಹೇಳಿದ ಹಸಿರು ಚಾನೆಲ್, ಇವು ನಡೆಯುತ್ತವೆ. ನಕಲಿನ ಮೇಲೆ ಮಾಡಬೇಕು, ಏನು ಮಾಡಿದೆ ಎಂದು ಬರೆದಿಡಬೇಕು, ಮೂಲ ಹಾಗೆಯೇ ಇರಬೇಕು. ಒಂದು ಜಾಗದಲ್ಲಿ ಬ್ರಷ್ ಆಡಿಸುವುದು, ಗೆರೆ ತಿದ್ದುವುದು, ಇಲ್ಲದ್ದನ್ನು ಊಹಿಸಿ ತುಂಬಿಸುವ ಎಐ, ಇದು ಯಾವುದೂ ಕೂಡದು.

2004ರ ಮ್ಯಾಡ್ರಿಡ್ ರೈಲು ಸ್ಫೋಟದಲ್ಲಿ ಸ್ಪೇನ್‌ನವರು ಕಳಿಸಿದ ಒಂದು ಗುರುತಿನ ಡಿಜಿಟಲ್ ಚಿತ್ರ ನೋಡಿ ಎಫ್‌ಬಿಐ ತಜ್ಞರು ಅಮೆರಿಕದ ಒರೆಗಾನ್‌ನ ವಕೀಲನೊಬ್ಬನದು ಎಂದರು. ಬಂಧನವೂ ಆಯಿತು. ಸ್ಪೇನ್‌ನವರು ಅದು ಬೇರೆಯವನದು ಎಂದು ಸಾಬೀತು ಮಾಡಿದ ಮೇಲೆ ಕ್ಷಮೆ ಕೇಳಿ, ಕೊನೆಗೆ 20 ಲಕ್ಷ ಡಾಲರ್ ಪರಿಹಾರ ಕೊಟ್ಟರು. ಎದುರಿಗಿರುವ ಚಿತ್ರಕ್ಕಿಂತ ಮನಸ್ಸಿನಲ್ಲಿರುವ ಚಿತ್ರ ಗಟ್ಟಿಯಾದರೆ ಹೀಗಾಗುತ್ತದೆ.

ಹುಬ್ಳಿ ವಕೀಲ

ಆತು, ನಕಲಿನ ಮ್ಯಾಲೆ ಅಂದ್ರ ಒಪ್ಪಿದೆ. ವಕೀಲನ್ನ ಹಿಡದಿದ್ರು ಅನ್ನೋದು ಮಾತ್ರ ಹೊಟ್ಟಿಗೆ ತಟ್ಟಿತು.

ಸ್ಟುಡಿಯೋ ಮಂಜ
(ಬುಧವಾರ, ರಾತ್ರಿ 11:05)

ಅಪ್‌ಡೇಟ್. ಹಳೇ ಪೌಡರ್ ಸರ್ ಖಾಸಗಿ ಮೆಸೇಜಲ್ಲಿ ಹೇಳಿದ ಹಾಗೆ ಪೆನ್ಸಿಲ್ ಸೀಸ ಉಜ್ಜಿ ನಯ ಪುಡಿ ಮಾಡ್ಕೊಂಡು, ಹೆಂಡ್ತಿ ಮೇಕಪ್ ಬ್ರಷಲ್ಲಿ (ಹೊಸದು ಕೊಡಿಸ್ಬೇಕಂತೆ) ಕೋಡುಬಳೆ ಸ್ಟೀಲ್ ಡಬ್ಬಿ ಮುಚ್ಚಳಕ್ಕೆ ಹಚ್ಚಿದೆ. ಬ್ರಷ್ ಒತ್ತಿದ್ರೆ ಗೆರೆ ಅಳಿಸಿಹೋಗತ್ತೆ, ತುದಿ ತಾಗಿಯೂ ತಾಗದಂಗೆ ತಿರುಗಿಸ್ಬೇಕು. ನಾಲ್ಕನೇ ಸಲಕ್ಕೆ ಬಂತು.

ಆಮೇಲೆ ಫೋಟೋ. ಟ್ರೈಪಾಡ್, ಐಎಸ್ಒ 100, ಎಫ್ 8, ಎರಡು ಸೆಕೆಂಡ್ ಟೈಮರ್. ಪುಡಿ ಕಪ್ಪು, ಸ್ಟೀಲ್ ಹೊಳಪು, ಅದಕ್ಕೆ ಬಿಳಿ ಕಾಣಿಸ್ಬೇಕು ಅಂತ ಥರ್ಮೋಕೋಲ್ ಹಿಡಿದೆ, ಅರ್ಧಕ್ಕೆ ಮಾತ್ರ ಬಿಳಿ ಬಂತು. ಕೊನೆಗೆ ಫೋಟೋ ಫ್ರೇಮಿಗೆ ಹಾಕೋ ಗಾಜನ್ನ ಲೆನ್ಸ್ ಮತ್ತು ಮುಚ್ಚಳದ ಮಧ್ಯೆ 45 ಡಿಗ್ರಿ ಓರೆ ಹಿಡಿದು ಪಕ್ಕದಿಂದ ಟಾರ್ಚ್ ಬಿಟ್ಟೆ. ಬೆಳಕು ಗಾಜಿಗೆ ಬಡಿದು ನೆಟ್ಟಗೆ ಕೆಳಗೆ ಬಿತ್ತು. ಸ್ಟೀಲ್ ಪೂರ್ತಿ ಹಾಲಿನ ಥರ ಬೆಳ್ಳಗಾಯ್ತು, ಒಂದೊಂದು ಗೆರೆನೂ ಮಸಿಯಲ್ಲಿ ಬರೆದಂಗೆ ಕಪ್ಪು. ಪರದೆಯಲ್ಲಿ ದೊಡ್ಡದು ಮಾಡಿ ನೋಡಿದ್ರೆ ಗೆರೆ ಮೇಲಿನ ಬೆವರು ರಂಧ್ರನೂ ಸಣ್ಣ ಬಿಳಿ ಚುಕ್ಕಿ ಥರ ಸಾಲಾಗಿ ಕಾಣ್ತಿದೆ. ನನ್ನ ಸರ್ವೀಸಲ್ಲಿ ಇಷ್ಟು ಖುಷಿ ಯಾವ ಮದುವೆ ಆಲ್ಬಮ್ಮಿಗೂ ಆಗಿಲ್ಲ.

ಮಲ್ನಾಡ್ ಮ್ಯಾಕ್ರೋ

ಭಲೇ! ಗಾಜಿನ ಆಚೆ ಬದಿಗೆ, ಟಾರ್ಚ್ ಎದುರಿಗೆ ಕಪ್ಪು ಬಟ್ಟೆ ಇಡಿ, ಇನ್ನೂ ಸ್ವಚ್ಛ ಬರುತ್ತೆ.

ಹಳೇ ಪೌಡರ್

ಬೆವರು ರಂಧ್ರ ಕಂಡಿತು ಎಂದರೆ ನೀವು ಪಾಸು. ಯಾರ ಬೆರಳದು?

ಸ್ಟುಡಿಯೋ ಮಂಜ

ಮಗಳದ್ದು. ನಾಲ್ಕು ಕೋಡುಬಳೆ ಲೆಕ್ಕ ಸಿಕ್ತಿರ್ಲಿಲ್ಲ ಮನೇಲಿ.

ಹುಬ್ಳಿ ವಕೀಲ

ಡಬ್ಬಿ ಮುಟ್ಟಿದ್ದು ಸಾಬೀತು, ತಿಂದದ್ದು ಸಾಬೀತಾಗಿಲ್ಲ. ಜಲಪೈಗುರಿ ನೋಡ್ರಿ.

ಅದಿರಲಿ ಮಂಜಣ್ಣಾರ, ಬೀರುವಿನ ಆ 14 ಫೋಟೋ ಎಲ್ಲಿ ಅದಾವ? ಮಸುಕು ಬಂದಾವಂತ ಅಳಿಸಿಲ್ಲ ಹೌದಲ್ಲೋ? ಅಳಿಸಿದ್ರ ಫೈಲ್ ನಂಬರ್ ನಡುವ ಜಿಗದಿರ್ತೇತಿ. "ಆ ಐದು ಫೋಟೋದಾಗ ಏನಿತ್ತು" ಅಂತ ಕೇಳ್ತಾರ.

ಸ್ಟುಡಿಯೋ ಮಂಜ

ಅಯ್ಯೋ.

ಸುಮ್ನೆ ಓದೋನು

ಎರಡು.

ಸ್ಟುಡಿಯೋ ಮಂಜ

9 ಇದಾವೆ ಸರ್. ಮಸುಕಿಂದು ಐದು ಅಲ್ಲೇ ಅಳಿಸ್ದೆ, ಅಭ್ಯಾಸ ಬಲ. ಕಾರ್ಡ್ ಅದೇ ಇದೆ, ಆದ್ರೆ ಸೋಮವಾರದ ಗೃಹಪ್ರವೇಶನೂ ಅದರಲ್ಲೇ ತೆಗೆದೆ.

ಪಿಕ್ಸೆಲ್ ಪುಟ್ಟ

ರಿಕವರಿ ಸಾಫ್ಟ್‌ವೇರ್ ಇದೆ, ಲಿಂಕ್ ಕಳಿಸ್ಲಾ?

ಹುಬ್ಳಿ ವಕೀಲ

ಪುಟ್ಟಪ್ಪಾ, ಸುಮ್ನ ಕುಂದರೋ. ಮಂಜಣ್ಣಾರ, ಆ ಕಾರ್ಡಿನ್ಯಾಗ ಇನ್ನ ಒಂದು ಫೋಟೋನೂ ತೆಗೀಬ್ಯಾಡ್ರಿ. ಈಗ ಹೊರಗ ತಗದು ಲಕೋಟಿಯೊಳಗ ಹಾಕ್ರಿ, ತಾರೀಖು ಬರದು ಸಹಿ ಮಾಡ್ರಿ. ನಾಳೆ ತನಿಖಾಧಿಕಾರಿಗೆ ಇದ್ದದ್ದು ಇದ್ದಂಗ ಹೇಳ್ರಿ. ಅಳಿಸಿದ್ದನ್ನೂ ಹೇಳ್ರಿ. ತಗಸಬೇಕಂದ್ರ ಅವರ ಲ್ಯಾಬಿಗೆ ಕಳಸ್ತಾರ.

ಸ್ಟುಡಿಯೋ ಮಂಜ

ಹಾಕ್ದೆ ಸರ್, ಸಹಿನೂ ಮಾಡ್ದೆ. ನಾಳೆ ಬೆಳಗ್ಗೆ ಏಳಕ್ಕೆ ಒಂದು ಸೀಮಂತ ಇದೆ. ನಮ್ಮೂರ ಹತ್ರ ಯಾರಾದ್ರೂ ಇದ್ರೆ 64 ಜಿಬಿ ಕಾರ್ಡ್ ಒಂದು ದಿನದ ಮಟ್ಟಿಗೆ ಕೊಡ್ತೀರಾ?